ಓದುಗರು ಕೇಳಿದ್ದು: ಮೂರು ತುಂಡು ಸೇರಿಸಿ ಹೊಲಿದ ಜೆಕ್ ಜಿಲ್ಲೆ

ಜೆಕ್ ಗಣರಾಜ್ಯದ ದಕ್ಷಿಣ ಅಂಚಿನಲ್ಲಿ, ಆಸ್ಟ್ರಿಯಾದ ಗಡಿಗೆ ಅಂಟಿಕೊಂಡಿರುವ ಯಿಂದ್ರಿಖೂಫ್ ಹ್ರದೆತ್ಸ್ ಜಿಲ್ಲೆಯ ಬಗ್ಗೆ ಬಂದ ಪತ್ರಗಳಿಗೆ ಈ ಸಲ ಒಟ್ಟಿಗೆ ಉತ್ತರಿಸಿದ್ದೇವೆ. ಹೆಸರು ಉದ್ದವಾದ್ದರಿಂದ ಮುಂದೆ ಹ್ರದೆತ್ಸ್ ಎಂದಷ್ಟೇ ಬರೆದಿದ್ದೇವೆ. ರೈಲು ಟಿಕೆಟ್ ಕೊಳ್ಳುವಾಗ ಮಾತ್ರ ಪೂರ್ತಿ ಹೆಸರೇ ಹೇಳಿ. ಹ್ರದೆತ್ಸ್ ಕ್ರಾಲೊವೆ ಎಂಬ ಇನ್ನೊಂದು ದೊಡ್ಡ ಊರು ದೇಶದ ಉತ್ತರ ಭಾಗದಲ್ಲಿದೆ. ಅರ್ಧ ಹೆಸರು ಹೇಳಿದರೆ ಅಲ್ಲಿಗೇ ಟಿಕೆಟ್ ಸಿಕ್ಕೀತು.

ಪ್ರಶ್ನೆ: ದಾಚಿತ್ಸೆ ಎಂಬ ಊರು ಮೊರಾವಿಯಾದಲ್ಲಿದೆ ಎಂದು ಒಂದು ಪುಸ್ತಕ ಹೇಳುತ್ತದೆ, ದಕ್ಷಿಣ ಬೊಹೀಮಿಯಾದಲ್ಲಿದೆ ಎಂದು ಇನ್ನೊಂದು. ನಕಾಶೆಯಲ್ಲಿ ಅದು ಹ್ರದೆತ್ಸ್ ಜಿಲ್ಲೆಯೊಳಗಿದೆ. ಯಾವುದು ಸರಿ? (ಮೈಸೂರಿನ ಓದುಗರು)

ಉತ್ತರ: ಮೂರೂ ಸರಿ. ದಾಚಿತ್ಸೆ, ಸ್ಲಾವೊನಿತ್ಸೆ ಎರಡೂ ಶತಮಾನಗಳ ಕಾಲ ಮೊರಾವಿಯಾ ಸೀಮೆಯ ಊರುಗಳು. 19ನೇ ಶತಮಾನದಲ್ಲಿ ದಾಚಿತ್ಸೆಯೇ ಒಂದು ಜಿಲ್ಲಾ ಕೇಂದ್ರವಾಗಿತ್ತು. ಈಗ ಪಕ್ಕದ ಜಿಲ್ಲೆಗೆ ಸೇರಿರುವ ಪ್ರಸಿದ್ಧ ತೆಲ್ಚ್ ಪಟ್ಟಣವೂ ಅದರ ಆಡಳಿತಕ್ಕೆ ಒಳಪಟ್ಟಿತ್ತು. ಪಶ್ಚಿಮದ ತ್ರೆಬೊನ್‌ಗೂ ತನ್ನದೇ ಜಿಲ್ಲೆಯಿತ್ತು. 1960ರಲ್ಲಿ ಆಗಿನ ಚೆಕೊಸ್ಲೊವಾಕ್ ಸರ್ಕಾರ ಸಣ್ಣ ಜಿಲ್ಲೆಗಳನ್ನು ಅಳಿಸಿ ದೊಡ್ಡವನ್ನು ಮಾಡಿದಾಗ ಹಳೆಯ ಸೀಮೆಗಳ ಗಡಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಬೊಹೀಮಿಯಾದ ತ್ರೆಬೊನ್, ಹ್ರದೆತ್ಸ್, ಮೊರಾವಿಯಾದ ದಾಚಿತ್ಸೆ ಮೂರೂ ಒಂದಾಗಿ ದಕ್ಷಿಣ ಬೊಹೀಮಿಯಾಕ್ಕೆ ಸೇರಿದವು. ಹಾಗೆ ಹುಟ್ಟಿದ ಜಿಲ್ಲೆಯ ವಿಸ್ತಾರ ಸುಮಾರು 1,940 ಚದರ ಕಿಲೋಮೀಟರ್. ದೇಶದ ಅತಿ ದೊಡ್ಡ ಜಿಲ್ಲೆಗಳಲ್ಲಿ ಇದೊಂದಾದರೂ ಜನಸಂಖ್ಯೆ ಸುಮಾರು 90 ಸಾವಿರ ಮಾತ್ರ. ಜಿಲ್ಲಾ ಕೇಂದ್ರದಲ್ಲಿ 21 ಸಾವಿರದಷ್ಟು ಜನ, ತ್ರೆಬೊನ್‌ನಲ್ಲಿ ಎಂಟು ಸಾವಿರ, ದಾಚಿತ್ಸೆಯಲ್ಲಿ ಏಳು ಸಾವಿರ. ಉಳಿದವರೆಲ್ಲ ಸಣ್ಣ ಪಟ್ಟಣ, ಹಳ್ಳಿಗಳಲ್ಲಿ ಚದುರಿಕೊಂಡಿದ್ದಾರೆ.

ನೆಲ ನೋಡಿದರೂ ಈ ಮೂರು ತುಂಡು ಕಣ್ಣಿಗೆ ಬೀಳುತ್ತವೆ. ಪಶ್ಚಿಮದ ತ್ರೆಬೊನ್ ತಗ್ಗು ಸಮುದ್ರಮಟ್ಟದಿಂದ 430 ಮೀಟರ್ ಆಸುಪಾಸಿನಲ್ಲಿರುವ ಸಪಾಟು ಪ್ರದೇಶ. ಅಲ್ಲಿ ಮರಳು, ಜೇಡಿ, ಕಪ್ಪು ಜೌಗು ಮಣ್ಣು, ನೂರಾರು ಕೆರೆ. ನಡುವೆ ನೋವಾ ಬಿಸ್ತ್ರಿತ್ಸೆ ಸುತ್ತ ಗ್ರಾನೈಟ್ ಗುಡ್ಡಗಳು, ದಟ್ಟ ಕಾಡು, ಆನೆ ಗಾತ್ರದ ಉರುಟು ಬಂಡೆಗಳು. ಇಲ್ಲಿನ ವಿಸೋಕಿ ಕಾಮೆನ್ ಗುಡ್ಡದ ಎತ್ತರ 738 ಮೀಟರ್. ಚಳಿ, ಕಾಡು, ನೀರು ಮೂರೂ ಹೆಚ್ಚಿರುವ ಈ ಭಾಗಕ್ಕೆ ಜನ ಇಟ್ಟ ಹೆಸರು ಜೆಕ್ ಕೆನಡಾ. ಪೂರ್ವಕ್ಕೆ ಇಳಿದರೆ ದಾಚಿತ್ಸೆಯ ಹೊಲಗಳು. ತ್ರೆಬೊನ್‌ನಲ್ಲಿ ಬಿದ್ದ ಮಳೆ ಲುಜ್ನಿತ್ಸೆ, ವಲ್ತಾವಾ, ಎಲ್ಬೆ ನದಿಗಳ ಮೂಲಕ ಉತ್ತರ ಸಮುದ್ರ ಸೇರುತ್ತದೆ. ದಾಚಿತ್ಸೆಯಲ್ಲಿ ಬಿದ್ದದ್ದು ದಿಯೆ, ಮೊರಾವಾ, ಡ್ಯಾನ್ಯೂಬ್ ಹಿಡಿದು ಕಪ್ಪು ಸಮುದ್ರಕ್ಕೆ ಹೋಗುತ್ತದೆ. ರೈಲು ಹಳಿಯೂ ಹಾಗೆಯೇ: ಹ್ರದೆತ್ಸ್‌ನಿಂದ ದಾಚಿತ್ಸೆಗೆ ನೇರ ದಾರಿ ಇಲ್ಲ, ಪಕ್ಕದ ಜಿಲ್ಲೆಯ ಕೊಸ್ತೆಲೆತ್ಸ್ ನಿಲ್ದಾಣದವರೆಗೆ ಹೋಗಿ ಗಾಡಿ ಬದಲಿಸಬೇಕು.

ಪ್ರಶ್ನೆ: ಮಗಳಿಗೆ ಹ್ರದೆತ್ಸ್‌ನಲ್ಲಿ ಕೆಲಸ ಸಿಕ್ಕಿದೆ. ಅಲ್ಲಿನ ಜಿಲ್ಲಾ ಕಚೇರಿಯಲ್ಲಿ ಏನೇನು ಕಾಗದಪತ್ರ ಮಾಡಿಸಿಕೊಳ್ಳಬೇಕು? (ಬೆಂಗಳೂರಿನ ಓದುಗರು)

ಉತ್ತರ: ಜಿಲ್ಲಾ ಕಚೇರಿಯೇ ಇಲ್ಲ. 2002ರ ಕೊನೆಗೆ ಜೆಕ್ ದೇಶದ ಎಲ್ಲ ಜಿಲ್ಲಾ ಕಚೇರಿಗಳನ್ನೂ ಮುಚ್ಚಿದರು. ನಮ್ಮಲ್ಲಿ ಜಿಲ್ಲಾಧಿಕಾರಿ ಇಲ್ಲದ ಜಿಲ್ಲೆಯನ್ನು ಊಹಿಸುವುದೇ ಕಷ್ಟ. ಅಲ್ಲಿ ಮಾತ್ರ ನ್ಯಾಯಾಲಯ, ಪೊಲೀಸ್ ವಿಭಾಗ, ಪತ್ರಾಗಾರ, ಅಂಕಿಅಂಶದ ಪಟ್ಟಿ ಇವುಗಳಿಗಷ್ಟೇ ಜಿಲ್ಲೆ ಉಳಿದಿದೆ. ಅಧಿಕಾರದ ಒಂದು ಪಾಲು ಮೇಲಕ್ಕೆ, ಚೆಸ್ಕೆ ಬುದ್ಯೆಯೊವಿತ್ಸೆಯಲ್ಲಿರುವ ದಕ್ಷಿಣ ಬೊಹೀಮಿಯಾ ಪ್ರಾಂತ್ಯಕ್ಕೆ ಹೋಯಿತು. ಬಹುಪಾಲು ಕೆಳಕ್ಕೆ, 'ವಿಸ್ತೃತ ಅಧಿಕಾರದ ಪುರಸಭೆ' ಎನಿಸಿಕೊಂಡ ಊರುಗಳಿಗೆ ಇಳಿಯಿತು. ಈ ಜಿಲ್ಲೆಯಲ್ಲಿ ಅಂಥವು ಮೂರು: ಹ್ರದೆತ್ಸ್, ತ್ರೆಬೊನ್, ದಾಚಿತ್ಸೆ. 1960ರಲ್ಲಿ ಒಂದಾದವು 2003ರಿಂದ ಹೆಚ್ಚುಕಡಿಮೆ ಮತ್ತೆ ಬೇರೆಬೇರೆಯೇ ಕೆಲಸ ಮಾಡುತ್ತಿವೆ.

ನಿಮ್ಮ ಮಗಳಿಗೆ ಇದರಿಂದ ಆಗುವುದಿಷ್ಟು. ಚಾಲನಾ ಪರವಾನಗಿ, ವಾಹನ ನೋಂದಣಿ, ಸ್ವಂತ ವ್ಯಾಪಾರದ ಪರವಾನಗಿ ಇವೆಲ್ಲ ಪುರಸಭೆಯ ಕೆಲಸ. ವಾಸದ ಪರವಾನಗಿ ಹಾಗಲ್ಲ. ಅದು ಗೃಹ ಸಚಿವಾಲಯದ ವಿದೇಶಿಯರ ವಿಭಾಗದ್ದು. ಪುರಸಭೆಯಲ್ಲಿ ಸರದಿ ನಿಂತರೆ ಅರ್ಧ ದಿನ ದಂಡ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಬಾಡಿಗೆ ಮನೆ ಹಿಡಿಯುವಾಗ ಕರಾರಿನ ಜೊತೆಗೆ, ಆ ವಿಳಾಸದಲ್ಲಿ ಇರಲು ಮನೆಯೊಡೆಯರ ಒಪ್ಪಿಗೆಯನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಲಿ. ವಸತಿಯ ಪುರಾವೆ ಕೇಳಿದಾಗ ಬೇಕಾಗುತ್ತದೆ. ಹಳ್ಳಿಯಲ್ಲಿ ಮನೆ ಸಿಕ್ಕರೆ ಆ ಹಳ್ಳಿ ಮೂರರಲ್ಲಿ ಯಾವ ಪುರಸಭೆಗೆ ಸೇರಿದೆ ಎಂದು ಮೊದಲು ತಿಳಿದುಕೊಳ್ಳಲಿ. ಜಿಲ್ಲೆಯಲ್ಲಿ ನೂರಕ್ಕೂ ಮಿಕ್ಕಿ ಸ್ವತಂತ್ರ ಗ್ರಾಮಾಡಳಿತಗಳಿವೆ. ಒಂದೊಂದಕ್ಕೂ ಚುನಾಯಿತ ಅಧ್ಯಕ್ಷರಿದ್ದಾರೆ, ಆದರೆ ಪರವಾನಗಿ ಕೊಡುವ ಅಧಿಕಾರ ಸಣ್ಣ ಹಳ್ಳಿಗಳಿಗಿಲ್ಲ. ಅಂಚೆ ಸಂಖ್ಯೆಯ ಮೇಲೂ ಒಂದು ಕಣ್ಣಿರಲಿ: ಹ್ರದೆತ್ಸ್ 377 01, ತ್ರೆಬೊನ್ 379 01, ದಾಚಿತ್ಸೆ 380 01.

ಪ್ರಶ್ನೆ: ತ್ರೆಬೊನ್ ಸುತ್ತಲಿನ ಕೆರೆಗಳ ಚಿತ್ರ ನೋಡಿದರೆ ನಮ್ಮ ಕಡೆಯ ಸಾಲುಗೆರೆಗಳ ನೆನಪಾಗುತ್ತದೆ. ಯಾರು ಕಟ್ಟಿಸಿದ್ದು? ಅಚ್ಚುಕಟ್ಟು ಎಷ್ಟಿದೆ? (ಕೋಲಾರದ ಓದುಗರು)

ಉತ್ತರ: ಏರಿ, ತೂಬು, ಕೋಡಿ, ಒಂದರ ಕೆಳಗೊಂದು ಕೆರೆ, ಇಷ್ಟು ನಿಮಗೆ ಗೊತ್ತಿರುವಂಥದ್ದೇ. ಅಚ್ಚುಕಟ್ಟು ಮಾತ್ರ ಇಲ್ಲ. ಇವು ಹೊಲಕ್ಕೆ ನೀರುಣಿಸುವ ಕೆರೆಗಳಲ್ಲ, ಮೀನು ಬೆಳೆಯುವ ಕೆರೆಗಳು. ಮಾಂಸ ತಿನ್ನಬಾರದ ದಿನಗಳು ಕ್ಯಾಥೊಲಿಕ್ ಪಂಚಾಂಗದಲ್ಲಿ ಬಹಳ, ಸಮುದ್ರ ದೂರ. ಜೌಗು ನೆಲದಲ್ಲಿ ಬೆಳೆ ಸರಿಯಾಗಿ ಬರುತ್ತಿರಲಿಲ್ಲ. ಹಾಗಾಗಿ ಅಲ್ಲಿನ ಒಡೆಯರಾದ ರೊಜಂಬೆರ್ಕ್ ಮನೆತನದವರಿಗೆ ಗೋಧಿಗಿಂತ ಗೆಂಡೆ ಮೀನು ಹೆಚ್ಚು ಲಾಭ ತಂದಿತು.

ಎರಡು ಹೆಸರು ನೆನಪಿಡಬೇಕು. ಮೊದಲನೆಯವನು ಷ್ಟೆಪಾನೆಕ್ ನೆತೊಲಿತ್ಸ್ಕಿ. 16ನೇ ಶತಮಾನದ ಮೊದಲೆರಡು ದಶಕಗಳಲ್ಲಿ ಅವನು 'ಚಿನ್ನದ ಕಾಲುವೆ' ತೋಡಿಸಿದ. ಲುಜ್ನಿತ್ಸೆ ನದಿಯಿಂದ ಹೊರಟು ಕೆರೆಯಿಂದ ಕೆರೆಗೆ ನೀರುಣಿಸುತ್ತ ಸುಮಾರು 45 ಕಿಲೋಮೀಟರ್ ಸಾಗಿ ಕೊನೆಗೆ ಅದೇ ನದಿಗೆ ಮರಳುತ್ತದೆ. ಇಳಿಜಾರು ಇಲ್ಲವೆನ್ನುವಷ್ಟು ಕಡಿಮೆಯಿರುವ ನೆಲದಲ್ಲಿ ಇಷ್ಟುದ್ದ ನೀರು ಹರಿಸಿದ್ದೇ ಇಡೀ ವ್ಯವಸ್ಥೆಯ ಜೀವಾಳ. ಎರಡನೆಯವನು ಯಾಕುಬ್ ಕರ್ಚೀನ್ (1535–1604), ಮಹತ್ವಾಕಾಂಕ್ಷಿ, ಮೊಂಡ. 1571ರಲ್ಲಿ ತ್ರೆಬೊನ್ ಊರ ಗೋಡೆಗೆ ತಾಗಿಕೊಂಡೇ ಸ್ವ್ಯೆತ್ ಕೆರೆ ಕಟ್ಟಲು ಶುರುಮಾಡಿದ; ಊರಿನ ಹೊರಕೇರಿಯೊಂದು ಅದಕ್ಕೆ ಬಲಿಯಾಯಿತು, ಜನರ ದೂರನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. 1584ರಿಂದ 1590ರವರೆಗೆ ಕಟ್ಟಿಸಿದ ರೊಜಂಬೆರ್ಕ್ ಕೆರೆ ಇವತ್ತಿಗೂ ದೇಶದಲ್ಲೇ ದೊಡ್ಡದು. ಏರಿಯ ಉದ್ದ ಸುಮಾರು 2.4 ಕಿಲೋಮೀಟರ್, ನೀರಿನ ಹರವು 490 ಹೆಕ್ಟೇರಿನಷ್ಟು.

ನಮ್ಮ ಅಭಿಪ್ರಾಯದಲ್ಲಿ ಕರ್ಚೀನನ ಜಾಣತನ ಕಾಣುವುದು ಆ ಕೆರೆಗಿಂತ ಅದರ ಮೇಲ್ಭಾಗದ 'ಹೊಸ ಹೊಳೆ'ಯಲ್ಲಿ. ಲುಜ್ನಿತ್ಸೆಯ ಪೂರ್ತಿ ಪ್ರವಾಹ ನೇರವಾಗಿ ನುಗ್ಗಿದರೆ ಎಂಥ ಏರಿಯೂ ನಿಲ್ಲದು. ಅದಕ್ಕೆ ಅವನು ಕೆರೆಗೆ ಸಾಕಷ್ಟು ಮೊದಲೇ ನದಿಯನ್ನು ಕವಲೊಡೆಸಿದ. ಒಂದು ಕವಲು ಹಳೆಯ ಪಾತ್ರದಲ್ಲೇ ಹರಿದು ಕೆರೆ ಸೇರುತ್ತದೆ; ಹೆಚ್ಚುವರಿ ನೀರು ಸುಮಾರು 13 ಕಿಲೋಮೀಟರ್ ಉದ್ದದ ತೋಡಿನಲ್ಲಿ ಪಕ್ಕದ ನೆಜಾರ್ಕಾ ನದಿಗೆ ಹೋಗುತ್ತದೆ. ಕೋಡಿ ಒಡೆಯುವವರೆಗೆ ಕಾಯುವ ಬದಲು ನೀರು ಬರುವ ಮೊದಲೇ ಪಾಲು ಮಾಡಿಟ್ಟ ಲೆಕ್ಕಾಚಾರ ಅದು. 2002ರ ಆಗಸ್ಟ್ ಪ್ರವಾಹದಲ್ಲಿ ಈ ಲೆಕ್ಕಕ್ಕೆ ಪರೀಕ್ಷೆ ಬಂತು. ಸಾಮಾನ್ಯವಾಗಿ 60 ಲಕ್ಷ ಘನ ಮೀಟರ್ ಹಿಡಿಯುವ ರೊಜಂಬೆರ್ಕ್, ಹಿಂದಿನ ಹುಲ್ಲುಗಾವಲು, ಕಾಡುಗಳ ಮೇಲೆಲ್ಲ ಹರಡಿಕೊಂಡು ಸುಮಾರು 7 ಕೋಟಿ ಘನ ಮೀಟರ್ ತಡೆದು ನಿಲ್ಲಿಸಿತು. ಏರಿ ಉಳಿಯಿತು, ಕೆಳಗಿನ ಊರುಗಳಿಗೆ ಹೊಡೆತ ಕಡಿಮೆಯಾಯಿತು. ಕೆರೆಯ ಹಿಂದಿನ ತಗ್ಗನ್ನು ಮನೆ ಕಟ್ಟದೆ ಖಾಲಿ ಬಿಟ್ಟಿದ್ದರಿಂದಲೇ ಇದು ಸಾಧ್ಯವಾಯಿತು ಎಂಬುದು ಕೆರೆಯಂಗಳ ಒತ್ತುವರಿ ಕಂಡ ನಮಗೆ ಬೇಗ ಅರ್ಥವಾಗುತ್ತದೆ.

ಏರಿಗಳ ಮೇಲೆ ಸಾಲಾಗಿ ನಿಂತ ಓಕ್ ಮರಗಳನ್ನು ನೀವು ಚಿತ್ರದಲ್ಲಿ ಕಂಡಿರಬಹುದು. ಬೇರು ಮಣ್ಣನ್ನು ಹಿಡಿದಿಡಲಿ ಎಂದು ನೆಟ್ಟವು ಅವು. ಹಳೆಯ ತೂಬುಗಳೂ ಮರದವೇ: ಒಳಗೆ ಕೊರೆದ ದಿಮ್ಮಿಗಳು. ಸದಾ ನೀರಿನಡಿ ಇದ್ದರೆ ಮರ ಬಹುಕಾಲ ಬಾಳುತ್ತದೆ. ಒಮ್ಮೆ ಒಣಗಿ ಒಮ್ಮೆ ನೆನೆದರೆ ಕೊಳೆಯುತ್ತದೆ.

ಪ್ರಶ್ನೆ: ನಾವು ಕೆರೆ ಗುತ್ತಿಗೆ ಹಿಡಿದು ಮೀನು ಸಾಕುತ್ತೇವೆ. ಅಲ್ಲಿ ಕೆರೆಯನ್ನೇ ಬರಿದು ಮಾಡಿ ಮೀನು ಹಿಡಿಯುತ್ತಾರಂತೆ. ಹೇಗೆ? ಮೀನು ಸಾಯುವುದಿಲ್ಲವೆ? (ದಾವಣಗೆರೆಯ ಓದುಗರು)

ಉತ್ತರ: ಆತುರಪಟ್ಟರೆ ಸಾಯುತ್ತದೆ. ಕ್ರಮ ಹೀಗೆ. ಚಳಿ ನಾಡಾದ್ದರಿಂದ ಗೆಂಡೆ ಮಾರುವ ತೂಕಕ್ಕೆ, ಅಂದರೆ ಎರಡು–ಮೂರು ಕಿಲೋಗೆ, ಬರಲು ಮೂರು–ನಾಲ್ಕು ಬೇಸಿಗೆ ಬೇಕು. ಪ್ರತಿ ವಯಸ್ಸಿಗೂ ಬೇರೆ ಕೆರೆ. ಮೊಟ್ಟೆಯಿಡಲು ಹುಲ್ಲಿರುವ ಆಳವಿಲ್ಲದ ಸಣ್ಣ ಹೊಂಡ. ಚಳಿಗಾಲ ಕಳೆಯಲು ತಳದವರೆಗೆ ಹೆಪ್ಪುಗಟ್ಟದ, ನೀರು ಹರಿಯುತ್ತಲೇ ಇರುವ ಆಳದ ಕೆರೆ. ಕೊನೆಯ ಬೆಳವಣಿಗೆಗೆ ದೊಡ್ಡ ಕೆರೆ. ತಳದ ಹುಳ, ನೀರಿನ ಸೂಕ್ಷ್ಮ ಜೀವಿಗಳೇ ಮುಖ್ಯ ಆಹಾರ. ಗೋಧಿಯಂಥ ಕಾಳು ಮೇಲುಣಿಸು. ಹೆಕ್ಟೇರಿಗೆ ಅರ್ಧ ಟನ್ ಆಸುಪಾಸು ಇಳುವರಿ. ನಿಮ್ಮ ಕಣ್ಣಿಗೆ ಕಡಿಮೆಯೆನಿಸೀತು, ಆದರೆ ಅಲ್ಲಿ ಮೀನು ಬೆಳೆಯುವುದು ಬೇಸಿಗೆಯ ಕೆಲವೇ ತಿಂಗಳು.

ಹಿಡಿಯುವುದು ಅಕ್ಟೋಬರ್, ನವೆಂಬರ್‌ನಲ್ಲಿ. ನೀರು ತಣ್ಣಗಾದಾಗ ಮೀನಿಗೆ ಆಮ್ಲಜನಕ ಕಡಿಮೆ ಸಾಕು, ಗಾಯವೂ ಬೇಗ ಕೊಳೆಯದು. ತೂಬನ್ನು ಸ್ವಲ್ಪವೇ ಎತ್ತಿ ನೀರನ್ನು ನಿಧಾನವಾಗಿ ಇಳಿಸುತ್ತಾರೆ. ದೊಡ್ಡ ಕೆರೆಗೆ ವಾರಗಟ್ಟಲೆ ಬೇಕು. ಒಮ್ಮೆಲೇ ಬಿಟ್ಟರೆ ಮೀನು ಹಿಂದಿನ ಕೆಸರಿನಲ್ಲೇ ಸಿಕ್ಕಿಕೊಳ್ಳುತ್ತದೆ, ಹೂಳೆಲ್ಲ ಕೆಳಗಿನ ಕೆರೆಗೆ ಕೊಚ್ಚಿಹೋಗುತ್ತದೆ. ಕೊನೆಗೆ ಏರಿಯ ಬುಡದಲ್ಲಿ ತೋಡಿದ ಗುಂಡಿಯಲ್ಲಿ ಮೀನೆಲ್ಲ ಒಟ್ಟಾಗುತ್ತದೆ. ಬೆಳಗಿನ ಜಾವ ಉದ್ದನೆಯ ಬಲೆ ಎಳೆದು ಗುಂಡಿಯನ್ನು ಸುತ್ತುವರಿದು, ಕೈಬಲೆಯಲ್ಲಿ ಮೊಗೆದು, ಮೇಜಿನ ಮೇಲೆ ಜಾತಿ, ಗಾತ್ರ ಬೇರೆ ಮಾಡಿ ತೊಟ್ಟಿಗಳಿಗೆ ಹಾಕುತ್ತಾರೆ. ಗುಂಡಿಯ ನೀರು ತೀರ ಕದಡಿದರೆ ಕೆಸರು ಕಿವಿರು ಕಟ್ಟಿ ಮೀನು ಉಸಿರುಗಟ್ಟುತ್ತದೆ. ಆಗ ಹೊಸ ನೀರು ಹಾಯಿಸಲೇಬೇಕು. ಹಿಡಿದ ಗೆಂಡೆಯನ್ನು ಕೂಡಲೇ ಮಾರುವುದಿಲ್ಲ. ತಿಳಿನೀರು ಹರಿಯುವ ಸಣ್ಣ ಕೊಳಗಳಲ್ಲಿ ಕ್ರಿಸ್‌ಮಸ್‌ವರೆಗೆ ಮೇವಿಲ್ಲದೆ ಇಡುತ್ತಾರೆ. ಕೆಸರಿನ ವಾಸನೆ ಹೋಗುವುದು ಹಾಗೆ. ತ್ರೆಬೊನ್ ಗೆಂಡೆಗೆ ಐರೋಪ್ಯ ಒಕ್ಕೂಟದ ಭೌಗೋಳಿಕ ಸೂಚಕದ ರಕ್ಷಣೆಯೂ ಇದೆ.

ತಪ್ಪುವುದು ಎಲ್ಲಿ ಎಂದರೆ, ಹೆಚ್ಚು ಮರಿ ಬಿಡುವಲ್ಲಿ. ಮೀನು ಹೆಚ್ಚಾದರೆ ಸೂಕ್ಷ್ಮ ಜೀವಿಗಳು ಮುಗಿದುಹೋಗುತ್ತವೆ. ಅವು ತಿನ್ನಬೇಕಿದ್ದ ಪಾಚಿ ಹಬ್ಬಿ ನೀರು ಹಸಿರಾಗುತ್ತದೆ. ಬಿಸಿ ರಾತ್ರಿಗಳಲ್ಲಿ ಆ ಪಾಚಿಯೇ ಆಮ್ಲಜನಕ ಹೀರಿ, ನಸುಕಿಗೆ ಮೀನು ತೇಲುತ್ತದೆ. ಕೆರೆಗಳಲ್ಲಿ ಮೀನು ಹಸಿದಿದೆ ಎಂದು 19ನೇ ಶತಮಾನದಲ್ಲೇ ಕಂಡುಕೊಂಡವರು ತ್ರೆಬೊನ್ ಎಸ್ಟೇಟಿನ ಯೋಸೆಫ್ ಷುಸ್ತಾ (1835–1914). ಕೆರೆಯನ್ನು ಆಗಾಗ ಒಣಗಿಸುವುದು, ಸುಣ್ಣ, ಗೊಬ್ಬರ ಹಾಕುವುದು, ಲೆಕ್ಕ ಹಾಕಿ ಮೇವು ಕೊಡುವುದು ಅವರಿಂದ ಪದ್ಧತಿಯಾಯಿತು. ಈಗಿನ ಕಷ್ಟ ತಿರುಗುಮುರುಗು: ಹೊಲದ ಗೊಬ್ಬರ, ಊರಿನ ಕೊಳಚೆ ಸೇರಿ ನೀರಿನಲ್ಲಿ ಪೋಷಕಾಂಶ ವಿಪರೀತ. ಪ್ರದೇಶ 1977ರಿಂದ ಯುನೆಸ್ಕೊ ಜೀವಗೋಳ ಮೀಸಲು, 1979ರಿಂದ ಸಂರಕ್ಷಿತ ಭೂದೃಶ್ಯ. ಆದ್ದರಿಂದ ಮೀನುಗಾರರಿಗೂ ಹಕ್ಕಿ ಕಾಯುವವರಿಗೂ ಜಗ್ಗಾಟ ನಡೆಯುತ್ತಲೇ ಇದೆ.

ಪ್ರಶ್ನೆ: ಊರು ಆಸ್ಟ್ರಿಯಾದಲ್ಲಿ, ಅದರ ಹಳೆಯ ರೈಲು ನಿಲ್ದಾಣ ಜೆಕ್ ದೇಶದಲ್ಲಿ ಎಂದು ಓದಿದೆ. ನಿಜವೆ? (ಮಂಗಳೂರಿನ ಓದುಗರು)

ಉತ್ತರ: ನಿಜ. ಊರು ಗ್ಮುಂಡ್. ವಿಯೆನ್ನಾದಿಂದ ಬರುವ ಹಳಿ ಇಲ್ಲಿ ಕವಲೊಡೆದು ಒಂದು ಪ್ರಾಗ್ ಕಡೆಗೆ, ಇನ್ನೊಂದು ಪ್ಲ್ಜೆನ್ ಕಡೆಗೆ ಹೋಗುತ್ತಿತ್ತು; ಜೊತೆಗೆ ದೊಡ್ಡ ರೈಲ್ವೆ ಕಾರ್ಖಾನೆ. ಮೊದಲ ಮಹಾಯುದ್ಧದ ನಂತರ ಹೊಸದಾಗಿ ಹುಟ್ಟಿದ ಚೆಕೊಸ್ಲೊವಾಕಿಯಾ ಈ ಕೂಡುನಿಲ್ದಾಣವನ್ನು ಕೇಳಿತು. 1919ರ ಸೇಂಟ್ ಜರ್ಮೇನ್ ಒಪ್ಪಂದದಂತೆ 1920ರಲ್ಲಿ ನಿಲ್ದಾಣ, ಕಾರ್ಖಾನೆ, ಸುತ್ತಲ ಹಳ್ಳಿಗಳು ಅತ್ತ ಹೋದವು. ಅದೇ ಇಂದಿನ ಚೆಸ್ಕೆ ವೆಲೆನಿತ್ಸೆ. 1938ರ ಮ್ಯೂನಿಕ್ ಒಪ್ಪಂದದ ನಂತರ ಜರ್ಮನಿ ಗಡಿಯ ಈ ಪಟ್ಟಿಯನ್ನು, ನೋವಾ ಬಿಸ್ತ್ರಿತ್ಸೆ, ಸ್ಲಾವೊನಿತ್ಸೆ ಸಮೇತ ನುಂಗಿತು. 1945ರ ಮಾರ್ಚ್‌ನಲ್ಲಿ ನಿಲ್ದಾಣದ ಮೇಲೆ ಬಾಂಬು ಬಿತ್ತು. ಯುದ್ಧ ಮುಗಿದ ಮೇಲೆ ಗಡಿಹಳ್ಳಿಗಳ ಜರ್ಮನ್ ಮಾತಿನ ಜನರನ್ನು ಹೊರಹಾಕಿದರು, ಹಲವು ಕಡೆ ಹಿಂಸೆಯೊಂದಿಗೆ. ಅವರ ಜಾಗಕ್ಕೆ ಬಂದವರು ಕಡಿಮೆ. 1950ರ ದಶಕದ ಮೊದಲಿನಿಂದ ಮುಳ್ಳುತಂತಿಯ ನಿಷೇಧಿತ ವಲಯ ಬಂದು ಹಲವು ಹಳ್ಳಿಗಳು ಪಾಳುಬಿದ್ದವು, ಕೆಲವನ್ನು ಕೆಡವಿಯೇ ಹಾಕಿದರು. ಜೆಕ್ ಕೆನಡಾದ ಕಾಡಿನಲ್ಲಿ ನಡೆಯುವಾಗ ಮನೆಯೇ ಇಲ್ಲದ ಕಡೆ ಹಣ್ಣಿನ ಮರಗಳ ಸಾಲು ಕಂಡರೆ ಅದು ಕಳೆದುಹೋದ ಹಳ್ಳಿಯ ಗುರುತು. 2007ರ ಡಿಸೆಂಬರ್ 21ರಂದು ಎರಡೂ ಕಡೆ ಷೆಂಗೆನ್ (ಗಡಿಯಲ್ಲಿ ಕಾಯಂ ತಪಾಸಣೆಯಿಲ್ಲದ ಐರೋಪ್ಯ ವಲಯ) ಆದ ಮೇಲೆ ಗ್ಮುಂಡ್‌ಗೆ ನಡೆದೇ ದಾಟಬಹುದು. ಪಾಸ್‌ಪೋರ್ಟ್ ಜೇಬಿನಲ್ಲಿರಲಿ, ಆಗಾಗ ತಪಾಸಣೆ ಇರುತ್ತದೆ.

ಪ್ರಶ್ನೆ: ಚಹಾಕ್ಕೆ ಹಾಕುವ ಘನಾಕಾರದ ಸಕ್ಕರೆ ತುಂಡು (ಶುಗರ್ ಕ್ಯೂಬ್) ಹುಟ್ಟಿದ್ದು ಈ ಜಿಲ್ಲೆಯಲ್ಲೇ? (ಮಂಡ್ಯದ ಓದುಗರು)

ಉತ್ತರ: ಹೌದು, ದಾಚಿತ್ಸೆಯಲ್ಲಿ. ಆಗ ಸಕ್ಕರೆ ಬರುತ್ತಿದ್ದುದು ಕಲ್ಲಿನಂತೆ ಗಟ್ಟಿಯಾದ ಶಂಕುವಿನ ಗಡ್ಡೆಯಾಗಿ. ಒಡೆಯಲು ಕತ್ತಿ, ಇಕ್ಕಳ ಬೇಕು. ಅಲ್ಲಿನ ಕಾರ್ಖಾನೆಯ ನಿರ್ದೇಶಕ ಯಾಕುಬ್ ಕ್ರಿಷ್ಟೋಫ್ ರಾಡ್ ಅವರ ಹೆಂಡತಿ ಯೂಲಿಯಾನಾ ಒಡೆಯುವಾಗ ಬೆರಳು ಗಾಯ ಮಾಡಿಕೊಂಡು ಗಂಡನನ್ನು ತರಾಟೆಗೆ ತೆಗೆದುಕೊಂಡರು ಎನ್ನುತ್ತಾರೆ. ರಾಡ್ ಸಕ್ಕರೆಯನ್ನು ಪುಡಿ ಮಾಡಿ, ಸ್ವಲ್ಪ ತೇವ ಮಾಡಿ, ಅಚ್ಚಿನಲ್ಲಿ ಒತ್ತಿ ಒಣಗಿಸುವ ಯಂತ್ರ ಮಾಡಿ 1843ರಲ್ಲಿ ಹಕ್ಕುಪತ್ರ ಪಡೆದರು. ತೇವ ಹೆಚ್ಚಾದರೆ ಅಚ್ಚು ಬಿಡದು, ಕಡಿಮೆಯಾದರೆ ಪುಡಿಯಾಗುತ್ತದೆ, ಕೌಶಲವೆಲ್ಲ ಅದರಲ್ಲೇ. ಊರಿನಲ್ಲಿ ಬಿಳಿ ಘನಾಕೃತಿಯ ಸ್ಮಾರಕವಿದೆ.

ಪ್ರಶ್ನೆ: ಮೂರು ದಿನ ಸಿಗುತ್ತದೆ. ವಿಯೆನ್ನಾದಿಂದ ಬಂದು ಏನು ನೋಡಬಹುದು? (ಮ್ಯೂನಿಕ್‌ನಲ್ಲಿರುವ ಕನ್ನಡಿಗರು)

ಉತ್ತರ: ವಿಯೆನ್ನಾದಿಂದ ಗ್ಮುಂಡ್, ಚೆಸ್ಕೆ ವೆಲೆನಿತ್ಸೆ ದಾಟಿ ತ್ರೆಬೊನ್‌ಗೆ ರೈಲಿದೆ. ಅಲ್ಲಿಂದ ಹ್ರದೆತ್ಸ್‌ಗೆ ವೆಸೆಲಿ ನಿಲ್ದಾಣದಲ್ಲಿ ಬದಲಿಸಬೇಕು. ಕೋಟೆಗಳು ಬಹುಪಾಲು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆದಿರುತ್ತವೆ, ಸೋಮವಾರ ರಜೆ. ಇದನ್ನು ಮರೆತು ಮುಚ್ಚಿದ ಬಾಗಿಲ ಮುಂದೆ ನಿಂತವರು ಎಷ್ಟೋ ಮಂದಿ.

ತ್ರೆಬೊನ್‌ಗೆ ಒಂದು ದಿನ ಕೊಡಿ. ಬಾಡಿಗೆ ಸೈಕಲ್ ಹಿಡಿದು ಸ್ವ್ಯೆತ್, ಚಿನ್ನದ ಕಾಲುವೆ, ರೊಜಂಬೆರ್ಕ್ ಏರಿ ಸುತ್ತಿ. ನೆಲ ಸಪಾಟು, ದಣಿವಾಗದು. ಜೌಗು ಮಣ್ಣಿನ ಸ್ನಾನದ ಆರೋಗ್ಯಧಾಮಗಳೂ ಇಲ್ಲಿವೆ, 1379ರಷ್ಟು ಹಳೆಯದೆಂದು ಹೇಳಿಕೊಳ್ಳುವ ಬಿಯರ್ ಕಾರ್ಖಾನೆಯೂ ಇದೆ. ಎರಡನೆಯ ದಿನ ಹ್ರದೆತ್ಸ್. ಊರ ನಡುವೆಯೇ ವಾಯ್ಗರ್ ಕೆರೆ, ಅದರ ದಡದಲ್ಲಿ ದೇಶದ ಅತಿ ದೊಡ್ಡ ಕೋಟೆ–ಅರಮನೆಗಳಲ್ಲೊಂದು. 1618ರಲ್ಲಿ ಪ್ರಾಗ್ ಕೋಟೆಯ ಕಿಟಕಿಯಿಂದ ಎಸೆಯಲ್ಪಟ್ಟೂ ಬದುಕಿ ಉಳಿದ ವಿಲೇಮ್ ಸ್ಲಾವತಾ ಇದರ ಒಡೆಯನಾಗಿದ್ದ. ಊರಿನ ವಸ್ತುಸಂಗ್ರಹಾಲಯದಲ್ಲಿ ತೊಮಾಷ್ ಕ್ರೀಜಾ (1838–1918) ಎಂಬ ಕಾಲುಚೀಲ ನೇಯುವವನು ಅರವತ್ತಕ್ಕೂ ಹೆಚ್ಚು ವರ್ಷ ಕೂತು ಮಾಡಿದ, ಯಂತ್ರದಿಂದ ಚಲಿಸುವ ಕ್ರಿಸ್ತಜನನದ ಗೊಂಬೆಮೇಳವನ್ನು ತಪ್ಪಿಸಬೇಡಿ.

ಬಾಗಿಲ ಮೇಲೆ ಐದೆಸಳಿನ ಗುಲಾಬಿ ಕಂಡಲ್ಲೆಲ್ಲ ಬಣ್ಣ ಗಮನಿಸಿ. ಬಿಳಿಯ ಮೇಲೆ ಕೆಂಪಾದರೆ ರೊಜಂಬೆರ್ಕ್, ನೀಲಿಯ ಮೇಲೆ ಹೊಂಬಣ್ಣವಾದರೆ ಹ್ರದೆತ್ಸ್ ಒಡೆಯರು, ಕೆಂಪಿನ ಮೇಲೆ ಬಿಳಿಯಾದರೆ ಲಾಂಡ್‌ಷ್ಟೈನ್. ಮೂರೂ ಒಂದೇ ಮೂಲದ ಕವಲುಗಳು.

ಮೂರನೆಯ ದಿನಕ್ಕೆ ಕಾರಿದ್ದರೆ ಒಳ್ಳೆಯದು. ಸಿಡಿಲು ಬಡಿದು 1771ರಲ್ಲಿ ಸುಟ್ಟ ಲಾಂಡ್‌ಷ್ಟೈನ್ ಕೋಟೆಯ ಅವಶೇಷ, ನಂತರ ಸ್ಲಾವೊನಿತ್ಸೆ. ಪ್ರಾಗ್–ವಿಯೆನ್ನಾ ದಾರಿಯ ವ್ಯಾಪಾರದಿಂದ 16ನೇ ಶತಮಾನದಲ್ಲಿ ಸಿರಿವಂತವಾದ ಊರದು. ದಾರಿ ಬೇರೆ ಕಡೆ ಹೊರಳಿದ ಮೇಲೆ ಹಳೆಯ ಮನೆ ಕೆಡವಿ ಹೊಸದು ಕಟ್ಟಲು ಯಾರ ಬಳಿಯೂ ಹಣವಿರಲಿಲ್ಲ, ಗಾರೆ ಕೆರೆದು ಬರೆದ ಗೋಡೆಚಿತ್ರಗಳು ಹಾಗಾಗಿಯೇ ಉಳಿದವು. ಹ್ರದೆತ್ಸ್‌ನಿಂದ ನೋವಾ ಬಿಸ್ತ್ರಿತ್ಸೆಗೆ 1897ರ 760 ಮಿಲಿಮೀಟರ್ ಕಿರುಹಳಿಯ ರೈಲಿದೆ, ಸುಮಾರು 33 ಕಿಲೋಮೀಟರ್. 2022ರಲ್ಲಿ ಅದರ ಓಡಾಟ ನಿಂತು ಆಮೇಲೆ ಮತ್ತೆ ಶುರುವಾಗಿದೆ. ಹಳೆಯ ವೇಳಾಪಟ್ಟಿ ನಂಬದೆ ಹೊಸದನ್ನು ನೋಡಿಕೊಂಡು ಹೊರಡಿ.

ಮನೆಗೆ ಫೋನ್ ಮಾಡುವವರಿಗೆ: ಮಧ್ಯ ಯೂರೋಪಿನ ಕಾಲಮಾನ ನಿರ್ಧರಿಸುವ 15 ಡಿಗ್ರಿ ಪೂರ್ವ ರೇಖಾಂಶ ಹ್ರದೆತ್ಸ್ ಊರಿನ ಮೇಲೆಯೇ ಹಾದುಹೋಗುತ್ತದೆ. ಭಾರತದ್ದು 82.5 ಡಿಗ್ರಿ. ಚಳಿಗಾಲದಲ್ಲಿ ನಾವು ನಾಲ್ಕೂವರೆ ಗಂಟೆ ಮುಂದೆ, ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಮೂರೂವರೆ ಗಂಟೆ.